ನನ್ನ ಬೆನ್ನ ಮೇಲೆ ಬರೆದ ಗುಲ್ಮ

ಯಲಹಂಕ ಉಪನಗರ,
೨೯ ಜೂನ್ ೨೦೧೪, ಭಾನುವಾರ

ಹೆಸರಿಗೆ ಸರಳಾ, ಸ್ವಭಾವಕ್ಕೆ ಪೂರಾ ಒತ್ತಕ್ಷರವಾದ ನನ್ನ ಹೆಂಡತಿಗೆ,

ಬರೆಯುವುದು ತಡವಾಯಿತು, ಕ್ಷಮಿಸು. ಕಾರಣ ಸೋಮಾರಿತನವಲ್ಲ, ಅನ್ನ. ನೀನು ಚಿಂತಾಮಣಿಗೆ ಹೋದಾಗಿನಿಂದ ಅನ್ನ ಮಾಡುವ ಭಾರ ನನ್ನದು. ಅದು ಒಂದು ದಿನ ಗಂಜಿ, ಮರುದಿನ ಜಲ್ಲಿ. ನಡುವಿನ ಸ್ಥಿತಿಯೊಂದಿದೆ ಎಂದು ಕೇಳಿಬಲ್ಲೆ, ಕಂಡಿಲ್ಲ. ನಿಮ್ಮಮ್ಮನ ಸೊಂಟ ಹೇಗಿದೆ? ಎಂಬತ್ತೈದರಲ್ಲಿ ಸೊಂಟ ಮುರಿದುಕೊಂಡೂ ಸೊಸೆಯ ಸಾರಿನಲ್ಲಿ ಇಂಗು ಹುಡುಕುತ್ತಾರೆಂದರೆ ಮುನಿಕೆಂಪಮ್ಮನವರ ಮೂಳೆ ಮುರಿದಿರಬಹುದು, ಮೂಗು ಇನ್ನೂ ಗಟ್ಟಿ. ಅವರಿಗೆ ನನ್ನ ನಮಸ್ಕಾರ ಹೇಳು. ನೀನು ಚಿಂತಾಮಣಿಯಲ್ಲಿದ್ದೀಯೆಂದು ಚಿಂತೆಯನ್ನೇ ಉದ್ಯೋಗ ಮಾಡಿಕೊಳ್ಳಬೇಡ.

ದಿನಾ ಫೋನಿನಲ್ಲಿ ಮಾತಾಡುವವನು ಕಾಗದ ಯಾಕೆ ಬರೆದ ಅನ್ನುತ್ತೀಯ. ನೀನು ಫೋನು ಎತ್ತಿದ ಕೂಡಲೇ ಅದನ್ನು ಸ್ಪೀಕರಿಗೆ ಹಾಕುತ್ತೀ. ಆಮೇಲೆ ನಾನು ಮಾತಾಡುವುದು ಹೆಂಡತಿಯ ಜೊತೆಯಲ್ಲ, ಚಿಂತಾಮಣಿ ತಾಲ್ಲೂಕಿನ ಜೊತೆ. ಮೊನ್ನೆ ಹೊಟ್ಟೆ ಸರಿಯಿಲ್ಲ ಎಂದದ್ದಕ್ಕೆ ನಿಮ್ಮಣ್ಣ, ಅತ್ತಿಗೆ, ಹಾಲು ಹಾಕಲು ಬಂದವನು, ಮೂವರೂ ಒಂದೊಂದು ಮದ್ದು ಹೇಳಿದರು. ಈಗ ಹೇಳಬೇಕಾಗಿರುವುದು ಹಾಲಿನವನು ಕೇಳುವಂಥದ್ದಲ್ಲ. ಆದ್ದರಿಂದ ಈ ಕಾಗದ. ಒಬ್ಬಳೇ ಕೂತು ಓದು.

ಮಂಗಳವಾರ ಶಿಲ್ಪಳ ಐದನೇ ತಿಂಗಳ ಸ್ಕ್ಯಾನ್ ಆಯಿತು. ಅಳಿಯ ವಾಸು ಕೆಂಪಾಪುರದಿಂದ ಅವಳನ್ನು ತನ್ನ ನರ್ಸರಿಯ ಟೆಂಪೋದಲ್ಲೇ ಕರೆತಂದ. ಹಿಂದೆ ಗುಲಾಬಿ ಗಿಡಗಳು, ಮುಂದೆ ಬಸುರಿ, ನಡುವೆ ಗೇರಿನ ಮೇಲೆ ಮಾವ. ಆರ್.ಟಿ. ನಗರದಲ್ಲಿ ಸ್ಕ್ಯಾನ್ ಮಾಡುವವಳು ಗಜಾಲಾ. ನೆನಪಿದ್ದಾಳಲ್ಲ? ಗಂಗಾನಗರದ ಜಿಯಾವುಲ್ಲಾ ಅವರ ಮಗಳು, ನನ್ನ ಅಂಗರಚನಾಶಾಸ್ತ್ರದ ಹಳೆಯ ವಿದ್ಯಾರ್ಥಿನಿ, ಪರೀಕ್ಷೆಯ ದಿನಗಳಲ್ಲಿ ನಮ್ಮ ಮನೆಗೆ ಬಂದು ನಿನ್ನ ಹುಳಿಯನ್ನವನ್ನು ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದವಳು. ಈಗ ಅವಳು ಇನ್ನೂ ಹುಟ್ಟದ ಮಕ್ಕಳ ಡಾಕ್ಟರು. ರೋಗಿಗಳು ದೂರು ಹೇಳದ, ಬಿಲ್ಲಿಗೆ ತಕರಾರು ತೆಗೆಯದ ಏಕೈಕ ವಿಭಾಗ ಎಂದು ನಾನು ರೇಗಿಸಿದೆ.

ಪರದೆಯ ಮೇಲೆ ಕೂಸು ಕಂಡಿತು. ಬೆರಳು ಬಾಯಲ್ಲಿಟ್ಟುಕೊಂಡು ಮಲಗಿತ್ತು. ಗಜಾಲಾ ಒಂದೊಂದೇ ತೋರಿಸುತ್ತಾ ಹೋದಳು, ನಮ್ಮೂರಿನ ಮನೆ ತೋರಿಸುವ ದಲ್ಲಾಳಿಯ ಹಾಗೆ. "ನೋಡಿ ಸರ್, ಹಾರ್ಟ್. ನಾಲ್ಕು ರೂಮೂ ಕರೆಕ್ಟಾಗಿದೆ. ಕಿಡ್ನಿ ಎರಡೂ ಇದೆ. ಬೆನ್ನುಮೂಳೆ ಫಸ್ಟ್ ಕ್ಲಾಸ್." ಆಮೇಲೆ ಹೊಟ್ಟೆಯ ಎಡಮಗ್ಗುಲಿಗೆ ಬಂದಳು. ಅಲ್ಲೇ ನಿಂತಳು. ಶಿಲ್ಪಳನ್ನು ಪಕ್ಕಕ್ಕೆ ಹೊರಳಿಸಿದಳು, ಕೆಮ್ಮಲು ಹೇಳಿದಳು, ಮತ್ತೆ ನೋಡಿದಳು.

"ಸರ್, ತಿಲ್ಲಿ ಕಾಣಿಸ್ತಿಲ್ಲ."

ತಿಲ್ಲಿ ಎಂದರೆ ಅವರ ಮನೆಮಾತಿನಲ್ಲಿ ಗುಲ್ಮ. ಹೊಟ್ಟೆಯ ಎಡಗಡೆ, ಪಕ್ಕೆಲುಬಿನ ಮರೆಯಲ್ಲಿ, ಮುಷ್ಟಿ ಗಾತ್ರದ ನೇರಳೆ ಬಣ್ಣದ ಅಂಗ. "ಪುಟ್ಟದು ಕಣಮ್ಮ, ನಾಚ್ಕೊಂಡು ಎಲ್ಲೋ ಬಚ್ಚಿಟ್ಕೊಂಡಿರುತ್ತೆ," ಎಂದೆ ನಾನು.

"ಇರ್ಬಹುದು ಸರ್. ಕೆಲವು ಮಕ್ಕಳಲ್ಲಿ ಸಣ್ಣದಿರುತ್ತೆ. ಏಳನೇ ತಿಂಗಳಲ್ಲಿ ಇನ್ನೊಂದ್ಸಲ ನೋಡೋಣ. ಸಾಮಾನ್ಯವಾಗಿ ಗುಲ್ಮ ಇಲ್ದಿದ್ರೆ ಹಾರ್ಟ್‌ನಲ್ಲೂ ತೊಂದರೆ ಇರುತ್ತೆ. ಈ ಮಗೂದು ಹಾರ್ಟ್ ಚೆನ್ನಾಗಿದೆ, ಅದಕ್ಕೆ ಅಲ್ಲಾಗೆ ಥ್ಯಾಂಕ್ಸ್ ಹೇಳ್ಬೇಕು."

"ಬರೀ ಗುಲ್ಮ ಒಂದೇ ಇಲ್ದಿದ್ರೆ ಏನಾಗುತ್ತೆ?" ಎಂದು ಶಿಲ್ಪ ಮಲಗಿದಲ್ಲಿಂದಲೇ ಕೇಳಿದಳು.

ಗಜಾಲಾ ಸುಳ್ಳು ಹೇಳುವವಳಲ್ಲ. ಮಗು ಎಲ್ಲ ಮಕ್ಕಳ ಹಾಗೇ ನಗುತ್ತದೆ, ಉರುಳುತ್ತದೆ, ಹಲ್ಲು ಬರಿಸಿಕೊಳ್ಳುತ್ತದೆ ಎಂದಳು. ಆದರೆ ಮೈಗೆ ಜಾರುವ ಕೋಟು ತೊಟ್ಟು ರಕ್ತಕ್ಕೆ ನುಗ್ಗುವ ಕೆಲವು ಕ್ರಿಮಿಗಳಿವೆ. ಉಳಿದ ಕಾವಲುಗಾರರ ಕೈಗೆ ಸಿಗದೆ ನುಣುಚಿಕೊಳ್ಳುವ ಅವನ್ನು ಹಿಡಿಯುವುದರಲ್ಲಿ ಗುಲ್ಮ ನಿಸ್ಸೀಮ. ಗುಲ್ಮವಿಲ್ಲದ ಮಗುವಿಗೆ ಬೆಳಿಗ್ಗೆ ಬಂದ ಸಣ್ಣ ಜ್ವರ ಸಂಜೆಯ ಹೊತ್ತಿಗೆ... ಆ ವಾಕ್ಯವನ್ನು ಅವಳು ಮುಗಿಸಲಿಲ್ಲ. ನಾನು ಮುಗಿಸಲು ಬಿಡಲೂ ಇಲ್ಲ. ಯಾಕೆಂದು ನಿನಗೆ ಗೊತ್ತು.

ಇದು ವಿಷಯ. ಏಳನೇ ತಿಂಗಳವರೆಗೆ ಕಾಯಬೇಕು. ಈಗ ಸ್ವಲ್ಪ ನೀರು ಕುಡಿ.

ನನ್ನ ಗುಲ್ಮಭಕ್ತಿ ನಿನಗೆ ಗೊತ್ತಿರುವುದೇ. ಅದರ ಕಲೆ ಉಜ್ಜಿದವಳು ನೀನು. ಮೈಮೇಲೆ ಅಂಗಗಳ ಸ್ಥಾನ ಗುರುತಿಸುವ ಪ್ರಾಕ್ಟಿಕಲ್ ಬಂದಾಗಲೆಲ್ಲ ನಾನು ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ತಿರುಗಿ ಕೂರುತ್ತಿದ್ದೆ. ಹುಡುಗರು ಒಬ್ಬೊಬ್ಬರಾಗಿ ಬಂದು ಹತ್ತನೇ ಪಕ್ಕೆಲುಬಿನ ಗುಂಟ ನೇರಳೆ ಪೆನ್ಸಿಲಿನಲ್ಲಿ ನನ್ನ ಬೆನ್ನ ಮೇಲೆ ಗುಲ್ಮ ಬರೆಯಬೇಕು. ಶವಾಗಾರದ ದೇಹ ತಪ್ಪಾದರೆ ಹೇಳುವುದಿಲ್ಲ, ನಾನಾದರೆ ಕಚಗುಳಿಯಾಗಿ ಹೇಳುತ್ತೇನೆ ಎಂಬುದು ನನ್ನ ಬೋಧನಾಕ್ರಮ. ಸಂಜೆ ಬನಿಯನ್ನಿಗೆ ಹತ್ತಿದ ಬಣ್ಣ ಉಜ್ಜುತ್ತಾ ನೀನು, "ಪಾಠ ಮಾಡ್ತೀರೋ, ರಂಗೋಲಿ ಹಾಕಿಸ್ಕೊಂಡ್ ಬರ್ತೀರೋ?" ಎಂದು ಬೈಯುತ್ತಿದ್ದೆ.

ಆದರೆ ಗುರುವಾರ ನಾನೊಬ್ಬನೇ ಮತ್ತೆ ಹೋದಾಗ ಗಜಾಲಾ ತೋರಿಸಿದ್ದನ್ನು ನೋಡಿದ ಮೇಲೆ, ನಾನು ಮೂವತ್ತು ವರ್ಷ ಮಾಡಿದ್ದು ಗುಲ್ಮದ ಹೊಸಿಲಿನ ಪಾಠ ಮಾತ್ರ, ಮನೆಯೊಳಗೆ ಕಾಲಿಟ್ಟಿರಲಿಲ್ಲ ಎನ್ನಿಸಿತು. ಅವಳು ಸ್ನಾತಕೋತ್ತರ ಓದುವಾಗ ಅಧ್ಯಯನ ಮಾಡಿದ್ದು ಇದನ್ನೇ: ಹುಟ್ಟುವ ಮೊದಲು ಗುಲ್ಮದೊಳಗೆ ಕಾವಲು ಪಡೆ ಹೇಗೆ ನೆಲೆಯೂರುತ್ತದೆ ಎಂದು. ಅರ್ಧದಲ್ಲೇ ಕಳೆದುಹೋದ ಕೂಸುಗಳ ತಂದೆತಾಯಂದಿರು, ಇನ್ನೊಬ್ಬರ ಮಗುವಿಗೆ ಉಪಯೋಗವಾಗಲಿ ಎಂದು ಒಪ್ಪಿ ಕೊಟ್ಟ ಗುಲ್ಮಗಳವು. ಅವುಗಳ ತೆಳು ಪದರ ಅಂಟಿಸಿದ ಗಾಜಿನ ಪಟ್ಟಿಗಳನ್ನು ಅವಳು ಹತ್ತಿ ಹಾಸಿದ ಡಬ್ಬಿಯಲ್ಲಿಟ್ಟಿದ್ದಾಳೆ. ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಡುವ ಮೊದಲು ಬಿಸ್ಮಿಲ್ಲಾ ಎನ್ನುತ್ತಾಳೆ. ನನಗೂ ಚಪ್ಪಲಿ ಬಿಡಬೇಕೆನ್ನಿಸಿ ಬಿಟ್ಟೆ.

ಹೇಗಿದೆ ಗೊತ್ತೇ? ನಮ್ಮ ಉಪನಗರ ಮೊದಲು ಹೇಗಿತ್ತು ನೆನಪು ಮಾಡಿಕೋ. ಬರೀ ಕೆಂಪು ಮಣ್ಣಿನ ಬಯಲು. ಎಳೆಯ ಗುಲ್ಮವೂ ಹಾಗೆಯೇ, ಎಲ್ಲಿ ನೋಡಿದರೂ ಕೆಂಪು ತಿರುಳು. ರಕ್ತ ಓಡಾಡಿಕೊಂಡಿರುತ್ತದೆ, ಕಸ ನುಂಗುವ ದೊಡ್ಡ ಕಣಗಳು ಪೌರಕಾರ್ಮಿಕರಂತೆ ಅಡ್ಡಾಡುತ್ತಿರುತ್ತವೆ. ಕಾವಲು ಪಡೆ ಎಂಬುದಿಲ್ಲ. ಬಯಲಿನ ನಡುವೆ ಒಂದು ರಸ್ತೆ, ಅಂದರೆ ಕೂದಲಿಗಿಂತ ಸಣ್ಣ ಅಪಧಮನಿ. ಬಸುರಿನ ನಡುಗಾಲ ಬರುವ ಹೊತ್ತಿಗೆ ಆ ರಸ್ತೆಯ ಸುತ್ತ ಬಿ ಕಣಗಳು ಎಂಬ ಬಿಳಿಯ ಕಣಗಳು ಒಂದೆರಡು ಬಂದು ಕೂರುತ್ತವೆ. ಯಾರು ಕರೆದರು, ವಿಳಾಸ ಯಾರು ಕೊಟ್ಟರು? ರಸ್ತೆಯ ಪಕ್ಕದ ಜೀವಕೋಶಗಳೇ ಏನೋ ವಾಸನೆ ಹರಡಿ ಕರೆಯುತ್ತವೆಯಂತೆ, ದರ್ಶಿನಿಯವರು ಬಾಗಿಲಲ್ಲೇ ವಡೆ ಕರಿದ ಹಾಗೆ. ಬಂದವರ ಹಿಂದೆ ನೆಂಟರು, ನೆಂಟರ ಹಿಂದೆ ಊರವರು. ಕೆಂಪು ಬಯಲಿನಲ್ಲಿ ಅಲ್ಲಲ್ಲಿ ಬಿಳಿ ತಿರುಳಿನ ಚುಕ್ಕೆ.

ಆಮೇಲೆ ಟಿ ಕಣಗಳು ಬರುತ್ತವೆ. ಮನೆ ಕಟ್ಟಿದ ಮೇಲೆ ಟೀ ಬರುವುದು ನಮ್ಮಲ್ಲೂ ಪದ್ಧತಿಯೇ. ತಡವಾಗಿ ಬಂದ ಇವು ರಸ್ತೆಗೆ ಅಂಟಿಕೊಂಡ ಜಾಗವೇ ಬೇಕೆನ್ನುತ್ತವೆ. ಮೊದಲು ಬಂದ ಬಿ ಕಣಗಳು ಗೊಣಗದೆ ಪಕ್ಕಕ್ಕೆ ಸರಿದು ತಮ್ಮದೇ ದುಂಡನೆಯ ಕೇರಿ ಕಟ್ಟಿಕೊಳ್ಳುತ್ತವೆ. ಜಗಳವಿಲ್ಲ, ಸರ್ವೆಯವನಿಲ್ಲ, ಕೋರ್ಟಿನ ತಡೆಯಾಜ್ಞೆಯಿಲ್ಲ. ಬ್ಯಾಟರಾಯನಪುರದಿಂದ ಬಾಗಲೂರಿನವರೆಗೆ ಇಂಥದ್ದೊಂದು ಬಡಾವಣೆ ತೋರಿಸು ನೋಡೋಣ!

ನಾನು ಬೆರಗಾದದ್ದು ಇದಕ್ಕಲ್ಲ, ಸರಳಾ. ಇಷ್ಟನ್ನೂ ಆ ಕೂಸು ಒಂದೇ ಒಂದು ಶತ್ರುವಿನ ಮುಖ ನೋಡದೆ ಕಟ್ಟುತ್ತದೆ. ಕತ್ತಲಲ್ಲಿ, ಬೆಚ್ಚಗಿನ ನೀರಿನಲ್ಲಿ, ಯಾರೂ ಹೊಡೆಯದ ಬೈಯದ ಜಾಗದಲ್ಲಿ ಕೂತು, ಮುಂದೊಂದು ದಿನ ಯಾರೋ ಬರಬಹುದು ಎಂದು ಠಾಣೆ ಕಟ್ಟಿ, ಹಾಸಿಗೆ ಹಾಸಿ, ದೀಪ ಹಚ್ಚಿಟ್ಟಿರುತ್ತದೆ. ಕೇರಿಯ ನಡುವಿನ ಗರಡಿಮನೆಯೊಂದು ಮಾತ್ರ ಹುಟ್ಟಿದ ಮೇಲೆ ತೆರೆಯುತ್ತದೆ, ಮೊದಲ ಎದುರಾಳಿ ಕಂಡ ನಂತರ. ಬಿಳಿ ತಿರುಳಿನ ಹೊರ ಅಂಚಿನ ಕಾವಲು ಪಟ್ಟಿ ಪೂರ್ತಿ ಪಳಗಲು ಎರಡು ವರ್ಷವೇ ಬೇಕಂತೆ.

"ಅಲ್ಲೀವರೆಗೆ ಮಗೂನ ಯಾರು ಕಾಯ್ತಾರಮ್ಮ?" ಎಂದು ಕೇಳಿದೆ.

"ಅಮ್ಮ, ಇನ್ಯಾರು?" ಎಂದಳು ಗಜಾಲಾ. "ಕೊನೇ ತಿಂಗಳುಗಳಲ್ಲಿ ತಾಯಿ ರಕ್ತದಿಂದ ರಕ್ಷಣೆ ದಾಟ್ಕೊಂಡು ಮಗೂಗೆ ಹೋಗುತ್ತೆ ಸರ್. ಅವಳಿಗೆ ಹಿಂದೆ ಯಾವ್ಯಾವ ಕಾಯಿಲೆ ಬಂದು ಗೆದ್ದಿದ್ಲೋ ಅದೆಲ್ಲದರ ಸಾರ. ಮೇಡಂ ನಂಗೆ ಕಟ್ಟಿಕೊಡ್ತಿದ್ರಲ್ಲ ಬುತ್ತಿ, ಹಂಗೇನೆ. ಒಂದಾರು ತಿಂಗಳು ಬರುತ್ತೆ. ಆಮೇಲೆ ಖಾಲಿ."

ಸಂಜೆ ಇದನ್ನೆಲ್ಲ ಶಿಲ್ಪಳಿಗೆ ವರದಿ ಮಾಡಿದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು. ನಂತರ, "ಅಂದ್ರೆ ಅಪ್ಪಾ, ನನ್ನ ಮಗೂಗೆ ಲೇಔಟೇ ಸ್ಯಾಂಕ್ಷನ್ ಆಗಿಲ್ವೇನೋ ಅಂತ," ಎಂದು ನಕ್ಕಳು. ನನ್ನ ಮಗಳಲ್ಲವೇ, ಅಳಬೇಕಾದಾಗ ತಮಾಷೆ ಮಾಡುತ್ತಾಳೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ಇದ್ದಳು.

ಪಕ್ಕದ ಮನೆ ರತ್ನಕ್ಕ ಮಾತ್ರ ಇದ್ಯಾವುದರ ಸುದ್ದಿಯೂ ಇಲ್ಲದೆ ಈಗಲೇ ಹಂಡೆಗೆ ಹುಣಸೆಹಣ್ಣು ಹಚ್ಚಿದ್ದಾಳೆ. "ಶಿಲ್ಪಮ್ಮಂಗೂ ನಾನೇ ಎರ್ದಿದ್ದು ಸಾಮಿ, ಅದರ ಕೂಸ್ಗೂ ನಾನೇ ಎರೆಯಾದು. ಅಮ್ಮಾವ್ರು ಇಂಗೆ ಬಾಗ್ಲಲ್ಲಿ ಟವಲ್ ಇಡ್ಕೊಂಡು ನಿಂತಿರೋರು, ಒಳೀಕೇ ಬರ್ತಿರ್ಲಿಲ್ಲ," ಎಂದು ಕಾಂಪೌಂಡಿನ ಮೇಲಿಂದ ಇಡೀ ಬೀದಿಗೆ ಹೇಳಿದಳು. ನಾನು ತಲೆಯಾಡಿಸಿದೆ.

ಅತ್ತೆಯವರ ಸೊಂಟ ಬೇಗ ಕೂಡಲಿ. ನಿನ್ನ ಸೊಂಟವನ್ನೂ ನೋಡಿಕೋ, ಅವರನ್ನು ಒಬ್ಬಳೇ ಎತ್ತಬೇಡ.

ಇತಿ, ನಿನ್ನ ಜಲ್ಲಿಯನ್ನದ ಗಂಡ,
ಸುಬ್ರಮಣಿ

ಮತ್ತೊಂದು ಮಾತು: ಉಪ್ಪಿನಕಾಯಿಯ ಜಾಡಿ ಸಿಕ್ಕಿತು. ನೀನು ಬಚ್ಚಿಡುವ ಜಾಗ ಇಷ್ಟು ವರ್ಷಕ್ಕೆ ಪತ್ತೆಯಾಯಿತು. ಹೊಸ ಜಾಗ ಹುಡುಕಿಕೋ.

———

ಯಲಹಂಕ ಉಪನಗರ,
೧೮ ಆಗಸ್ಟ್ ೨೦೧೪, ಸೋಮವಾರ

ಗೌರಿಗಿಂತ ಮೊದಲು ಮನೆಗೆ ಬರಲಿರುವ ಗೌರಿಗೆ,

ನಿಮ್ಮಮ್ಮ ಗೋಡೆ ಹಿಡಿದು ನಡೆದರೆಂದು ಕೇಳಿ ಸಂತೋಷ. ಗೋಡೆಯ ಸ್ಥಿತಿ ಹೇಗಿದೆ? ನಿನ್ನ ಮೂರು ಕಾಗದಕ್ಕೆ ಉತ್ತರ ಬರೆಯದೆ ಫೋನಿನಲ್ಲಿ ಮಳೆ, ಮೊಳೆ, ಮೆಂತ್ಯದ ಬೆಲೆ ಎಂದು ಜಾರಿಕೊಂಡೆ. ನಿನಗೆ ತಿಳಿದಿತ್ತು, ಆದರೂ ಕೆದಕಲಿಲ್ಲ. ಅದಕ್ಕೆ ಕ್ಷಮೆಯ ಜೊತೆ ಕೃತಜ್ಞತೆಯನ್ನೂ ಸೇರಿಸಿ ಕಳಿಸಿದ್ದೇನೆ. ಹಬ್ಬಕ್ಕೆ ನೀನು ಬಂದಿಳಿಯುವ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ಎದುರಿಗೆ ಕೂತರೆ ನಾನು ಖಂಡಿತ ತಮಾಷೆ ಮಾಡಿ ಕೆಡಿಸುತ್ತೇನೆ.

ಶುಕ್ರವಾರ ಗಜಾಲಾ ಎರಡನೇ ಸಲ ನೋಡಿದಳು. ಬಹಳ ಹೊತ್ತು ನೋಡಿದಳು. ಗುಲ್ಮಕ್ಕೆ ಹೋಗಬೇಕಾದ ರಕ್ತನಾಳವನ್ನೂ ಬಣ್ಣ ಹಾಕಿ ಹುಡುಕಿದಳು. ರಸ್ತೆಯೇ ಇಲ್ಲ, ಸರಳಾ. ನಮ್ಮ ಮೊಮ್ಮಗುವಿಗೆ ಗುಲ್ಮವಿಲ್ಲ. ಉಳಿದದ್ದೆಲ್ಲ ಇದೆ, ಚೆನ್ನಾಗಿದೆ, ಒದೆಯುತ್ತದೆ. ಗುಲ್ಮ ಮಾತ್ರ ಇಲ್ಲ.

ಶಿಲ್ಪ ಅಳಲಿಲ್ಲ. "ಸರಿ ಗಜಾಲಕ್ಕ, ಏನ್ ಮಾಡ್ಬೇಕು ಹೇಳಿ," ಎಂದಳು. ಆ ದನಿ ನಿನ್ನದು. ನೀನು ಗ್ಯಾಸ್ ಮುಗಿದಾಗ ಮಾತಾಡುವ ದನಿ.

ಏನು ಮಾಡಬೇಕು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಡೆದ ತಮಾಷೆ ಕೇಳು. ಇದು ವಂಶದಲ್ಲಿ ಹರಿಯುವುದುಂಟು, ತಂದೆತಾಯಿಗೂ ಸ್ಕ್ಯಾನ್ ಮಾಡಿ ನೋಡೋಣ ಎಂದಳು ಗಜಾಲಾ. ಶಿಲ್ಪಳದ್ದು ಇತ್ತು, ಲಕ್ಷಣವಾಗಿ. ವಾಸುವಿನದ್ದೂ ಇತ್ತು. ವಾಸುವಿನ ಹೊಟ್ಟೆ ಸಿಕ್ಕಾಪಟ್ಟೆ ಗುಡುಗುತ್ತಿದ್ದರಿಂದ ಚಿತ್ರ ಮಸುಕಾಗಿ ಬಂತು. ನನಗೆ ತಡೆಯಲಾಗಲಿಲ್ಲ. ಮೂವತ್ತು ಬ್ಯಾಚಿನ ಹುಡುಗರು ನೇರಳೆ ಪೆನ್ಸಿಲಿನಲ್ಲಿ ಪೂಜಿಸಿದ ಗುಲ್ಮ ಇಲ್ಲೇ ಇರುವಾಗ ಇಂಥ ಮಸುಕು ಮಾದರಿ ಯಾಕೆ?

"ಸರಿಯಪ್ಪಾ ಎದ್ದೇಳು. ಗುಲ್ಮ ಅಂದ್ರೆ ಹೆಂಗಿರುತ್ತೆ ಅಂತ ತೋರಿಸ್ತೀನಿ. ಗಜಾಲಾ, ಹಾಕಮ್ಮ ಆ ಅಂಟು," ಎಂದು ಅಂಗಿ ಬಿಚ್ಚಿ ಮೇಜು ಹತ್ತಿದೆ.

"ಸರ್, ನಿಮ್ಮ ಬೆನ್ನ ಮೇಲೆ ನಾನೂ ಬರೆದಿದ್ದೆ. ಹತ್ತಕ್ಕೆ ಹತ್ತು ಕೊಟ್ಟಿದ್ರಿ," ಎಂದು ನಗುತ್ತಾ ಅವಳು ಯಂತ್ರದ ತುದಿಯನ್ನು ನನ್ನ ಪಕ್ಕೆಗೆ ಒತ್ತಿದಳು. ನಗು ಅರ್ಧದಲ್ಲಿ ನಿಂತಿತು. "ಸ್ವಲ್ಪ ಆ ಕಡೆ ತಿರುಗಿ ಸರ್. ಉಸಿರು ಹಿಡೀರಿ." ಹಿಡಿದೆ. "ಬಿಡಿ." ಬಿಟ್ಟೆ. "ಇನ್ನೊಂದ್ಸಲ ಹಿಡೀರಿ."

ನಾನು ಕತ್ತು ತಿರುಗಿಸಿ ಪರದೆ ನೋಡಿದೆ. ಹತ್ತನೇ ಪಕ್ಕೆಲುಬು ಇತ್ತು. ಅದರ ಹಿಂದೆ ಜಠರವಿತ್ತು, ಮೂತ್ರಪಿಂಡವಿತ್ತು. ಎರಡರ ನಡುವೆ ಏನೂ ಇರಲಿಲ್ಲ.

"ಸರ್," ಎಂದಳು ಗಜಾಲಾ ಮೆತ್ತಗೆ, "ಆ ಹತ್ತು ಮಾರ್ಕ್ಸ್ ವಾಪಸ್ ತಗೊಳ್ತೀರಾ?"

ನೋಡಿದೆಯಾ? ಗುಲ್ಮದ ಗುಣಗಾನ ಮಾಡಿ ತಲೆ ಬೆಳ್ಳಗೆ ಮಾಡಿಕೊಂಡವನಿಗೆ ಗುಲ್ಮವೇ ಇಲ್ಲ! ದೇವರಿಲ್ಲದ ಗುಡಿಗೆ ಮೂವತ್ತು ವರ್ಷ ಪೂಜಾರಿ. ಇಲ್ಲದ ಅಂಗವನ್ನು ಹುಡುಗರು ಬರೆದರು, ನಾನು ಅಂಕ ಕೊಟ್ಟೆ, ನೀನು ಅದರ ಕಲೆ ಉಜ್ಜಿ ಉಜ್ಜಿ ತೆಗೆದೆ. ಬಹುಶಃ ಒಂದು ದಿನ ಜೋರಾಗಿ ಉಜ್ಜಿದಾಗ ಅಂಗವೂ ಹೋಯಿತೋ ಏನೋ. ಎಲ್ಲರ ಎದೆಬಡಿತ ಕೇಳುವವನು ತನ್ನದನ್ನು ಕೇಳಿಸಿಕೊಳ್ಳುವುದಿಲ್ಲ. ಅಂಗರಚನಾಶಾಸ್ತ್ರದ ಮೇಷ್ಟ್ರು ತಾನು ಪುಸ್ತಕದ ಪ್ರಕಾರವೇ ಇದ್ದೇನೆ ಎಂದು ನಂಬಿ ಬದುಕಿರುತ್ತಾನೆ. ನನ್ನ ಒಂದು ಹನಿ ರಕ್ತವನ್ನೂ ಗಜಾಲಾ ನೋಡಿದಳು. ಗುಲ್ಮ ಇದ್ದವರಲ್ಲಿ ಅದು ಗುಡಿಸಿ ಹಾಕುವ ಚೂರುಪಾರುಗಳು ನನ್ನ ಕೆಂಪು ಕಣಗಳೊಳಗೆ ಹಾಗೇ ಬಿದ್ದಿವೆಯಂತೆ. ನೀನಿಲ್ಲದ ನಮ್ಮ ಅಡುಗೆಮನೆಯ ಹಾಗೆ.

"ಇಷ್ಟು ವರ್ಷ ಹೆಂಗಮ್ಮ ಬದುಕಿದೆ ನಾನು?" ಎಂದೆ.

"ಅದೃಷ್ಟ ಸರ್. ಕೆಲವರು ಬದುಕ್ತಾರೆ. ಚಿಕ್ಕಂದಿನ ಒಂದೆರಡು ವರ್ಷ ದಾಟಿದ್ರೆ ಮಿಕ್ಕ ಕಾವಲುಗಾರರು ನಿಧಾನಕ್ಕೆ ಕೆಲಸ ಕಲೀತಾರೆ. ನಿಮ್ಮಲ್ಲಿದ್ದ ದೋಷ ಶಿಲ್ಪಾಳಲ್ಲಿ ಕಾಣಿಸ್ಕೊಳ್ದೆ ದಾಟಿ ಮಗೂಗೆ ಹೋಗಿರ್ಬಹುದು. ಹಂಗಾಗುತ್ತೆ." ಆಮೇಲೆ ದನಿ ತಗ್ಗಿಸಿದಳು. "ಸರ್, ಇದನ್ನ ಕೇಳ್ಲೇಬೇಕು. ನಿಮ್ಮ ಮನೇಲಿ ಯಾವ್ದಾದ್ರೂ ಮಗು ಚಿಕ್ಕ ವಯಸ್ಸಲ್ಲಿ..."

"ಅಂಗಿ ಹಾಕ್ಕೊಂಡು ಹೇಳ್ತೀನಿ," ಎಂದೆ. ಹಾಕಿಕೊಂಡು ಹೇಳಿದೆ. ಏನು ಹೇಳಿದೆ, ಅವಳು ಏನೆಂದಳು ಎಂಬುದನ್ನು ಸಹಿಯ ಕೆಳಗೆ ಬರೆಯುತ್ತೇನೆ. ಸಹಿಯ ಮೇಲೆ ಬರೆಯುವ ಧೈರ್ಯ ಬರಲಿಲ್ಲ.

ಈಗ ಏನು ಮಾಡಬೇಕು ಎಂಬುದು. ಗಜಾಲಾ ಸೋತವಳಂತೆ ಮಾತಾಡಲೇ ಇಲ್ಲ, ಅದೇ ಅವಳಲ್ಲಿ ನನಗೆ ಹೆಮ್ಮೆ. ಹುಟ್ಟಿದ ಕೂಡಲೇ ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳುವುದು. ದಿನವೂ ಪೆನ್ಸಿಲಿನ್ ಔಷಧಿ, ವರ್ಷಗಟ್ಟಲೆ. ಆ ಕೋಟು ತೊಟ್ಟ ಕ್ರಿಮಿಗಳಿಗೆಲ್ಲ ಈಗ ಲಸಿಕೆಯಿದೆ, ಒಂದನ್ನೂ ತಪ್ಪಿಸದೆ ಹಾಕಿಸುವುದು. ಎಲ್ಲಕ್ಕಿಂತ ಮುಖ್ಯ, ಜ್ವರ ಬಂದರೆ ಕಷಾಯವಿಲ್ಲ, ದೃಷ್ಟಿ ತೆಗೆಯುವುದಿಲ್ಲ, ಬೆಳಿಗ್ಗೆವರೆಗೆ ನೋಡೋಣ ಎಂಬುದಿಲ್ಲ. ನೇರ ಆಸ್ಪತ್ರೆ, ಹೋದ ಕೂಡಲೇ "ಈ ಮಗುವಿಗೆ ಗುಲ್ಮವಿಲ್ಲ" ಎಂಬ ಮಾತು. "ಗೊತ್ತಿದ್ರೆ ಈ ಮಕ್ಕಳು ಬೆಳೀತಾರೆ ಸರ್. ಸ್ಕೂಲಿಗೆ ಹೋಗ್ತಾರೆ, ನಿಮ್ಮ ಹಂಗೆ ಮೇಷ್ಟ್ರೂ ಆಗ್ತಾರೆ. ಗೊತ್ತಿಲ್ದೆ ಇದ್ರೇನೇ ಕಷ್ಟ," ಎಂದಳು. ನನಗೂ ಅಂಥದೇ ಲಸಿಕೆ ಚುಚ್ಚಿದಳು, ಎರಡು ತೋಳಿಗೂ. ಹತ್ತು ಅಂಕದ ಸೇಡು.

ಹೆಬ್ಬಾಳದ ಮೇಲ್ಸೇತುವೆಯಲ್ಲಿ ಟೆಂಪೋ ಸಿಕ್ಕಿಕೊಂಡು ನಿಂತಿತು. ವಾಸು ಸ್ಟೇರಿಂಗ್ ತಟ್ಟುತ್ತಾ, "ಮಾವಾ, ಟಿಶ್ಯೂ ಕಲ್ಚರ್ ಸಸಿ ತರ್ತೀವಲ್ಲ, ಅದು ಗಾಜಿನ ಬಾಟ್ಲಲ್ಲಿ ಬೆಳೆದಿರುತ್ತೆ, ಹೊರಗಿನ ಗಾಳಿ ಕಂಡಿರಲ್ಲ. ಆಚೆ ಇಟ್ರೆ ಒಂದೇ ದಿನಕ್ಕೆ ಒಣಗುತ್ತೆ. ಅದಕ್ಕೆ ಹಸಿರು ನೆಟ್ ಕಟ್ಟಿ ದಿನಾ ಎಷ್ಟ್ಸಲ ನೋಡ್ತೀನಿ ಗೊತ್ತಾ? ಒಂದೂ ಸಾಯಕ್ಕೆ ಬಿಟ್ಟಿಲ್ಲ. ನಾವೆಲ್ಲ ನೆಟ್ ಆದ್ರಾಯ್ತು ಬಿಡಿ," ಎಂದ. ನಮ್ಮ ಅಳಿಯ ಮಾತು 'ಕಲಿಯ'ದವನು ಎಂದು ನಾನು ಹಾಸ್ಯ ಮಾಡುತ್ತಿದ್ದೆನಲ್ಲ, ವಾಪಸ್ ತೆಗೆದುಕೊಂಡೆ. ಶಿಲ್ಪ ಅವನ ತೋಳಿಗೆ ಒರಗಿ ಅಲ್ಲಿ ಅತ್ತಳು. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು.

ನನಗಂತೂ ಆ ಗಾಜಿನ ಪಟ್ಟಿಗಳೇ ಕಣ್ಣ ಮುಂದೆ. ಕೆಂಪು ಬಯಲು, ಸಣ್ಣ ರಸ್ತೆ, ಸುತ್ತ ಒಬ್ಬೊಬ್ಬರಾಗಿ ಬಂದು ಕೂತ ಬಿಳಿಯ ಕಾವಲುಗಾರರು. ಈ ಕೂಸಿನ ಒಳಗೆ ಆ ಬಡಾವಣೆ ಏಳಲಿಲ್ಲ. ಸರಿ, ಹೊರಗೆ ಏಳಲಿ. ರಸ್ತೆಯ ಪಕ್ಕದಲ್ಲಿ ಗಜಾಲಾ, ಅವಳ ಪಕ್ಕ ವಾಸು, ಆಚೆ ಕೇರಿಯಲ್ಲಿ ನೀನು. ನಾನು ಗರಡಿಮನೆ, ಶತ್ರು ಬಂದ ಮೇಲೆ ತೆರೆಯುವವನು.

ಅತ್ತೆಯವರಿಗೆ ನಮಸ್ಕಾರ. ನಿಮ್ಮಣ್ಣನ ಮನೆಯವರಿಗೆಲ್ಲ ಒಳ್ಳೆಯದಾಗಲಿ, ಹಾಲಿನವನಿಗೂ. ನೀನು ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಯ ಸೀಟೇ ಸಿಗಲಿ, ಗಾಳಿ ತಂಪಾಗಿರಲಿ. ಬಾ.

ಇತಿ, ಒಂದು ಅಂಗ ಕಡಿಮೆಯಿದ್ದೂ ಇಡಿಯಾಗಿ ನಿನ್ನವನಾದ,
ಸುಬ್ರಮಣಿ

ಸಹಿಯ ಕೆಳಗೆ:

ಬ್ಯಾಟು.

ಈ ಹೆಸರನ್ನು ನಾನು ಬರೆದು ಮೂವತ್ತು ವರ್ಷವಾಯಿತು. ಅಪ್ಪನ ಹೆಸರು ಬ್ಯಾಟರಾಯಪ್ಪ ಎಂದು ಅವನಿಗಿಟ್ಟು, ತೊಟ್ಟಿಲಿಗೆ ದೊಡ್ಡದಾಯಿತೆಂದು ಬ್ಯಾಟು ಎಂದು ಮೊಟಕು ಮಾಡಿದವನು ನಾನೇ. ಅವನ ಅಣ್ಣತನ ಶಿಲ್ಪಳಿಗೆ ಒಂದು ಫೋಟೋ ಮಾತ್ರ. ಗಜಾಲಾಳಿಗೆ ನಾನು ಹೇಳಿದ್ದು ಇಷ್ಟು: ಒಂಬತ್ತು ತಿಂಗಳ ಮಗು, ಕೆನ್ನೆ ತುಂಬಿಕೊಂಡು ಆಡುತ್ತಿತ್ತು. ದೀಪಾವಳಿಯ ಬೆಳಿಗ್ಗೆ ಅವನ ತಾಯಿ ಎಣ್ಣೆ ಹಚ್ಚಿ ಎರೆದಳು. ಮಧ್ಯಾಹ್ನ ಮೈ ಬಿಸಿಯಾಯಿತು. ಮರುದಿನದ ಬೆಳಕು ಅವನು ನೋಡಲಿಲ್ಲ. ಜ್ವರ ತಲೆಗೇರಿತು ಎಂದರು ಆಗಿನ ಡಾಕ್ಟರು. ನನ್ನಮ್ಮ ಗೋಪಾಲಮ್ಮ ಅಳುತ್ತಾ, "ಆ ಚಳೀಲಿ ಅಷ್ಟ್ ನೀರು ಎರೀಬಾರ್ದಾಗಿತ್ತೇನೋ," ಎಂದಳು. ಒಂದೇ ಸಲ, ಮತ್ತೆಂದೂ ಇಲ್ಲ. ಆದರೆ ನೀನು ಅದನ್ನು ಪ್ರತಿದಿನ ಕೇಳಿಸಿಕೊಂಡೆ. ಶಿಲ್ಪ ಹುಟ್ಟಿದಾಗ ಅವಳಿಗೆ ಎರೆಯಲು ನೀನು ರತ್ನಕ್ಕನನ್ನು ಕರೆದೆ. ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತೆ. ನನ್ನ ಕೈ ಆಗಿಬರುವುದಿಲ್ಲ ಎಂದೆ.

ಗಜಾಲಾ ಎಲ್ಲ ಕೇಳಿ ಹೇಳಿದಳು: "ಸರ್, ಈಗ ಖಂಡಿತ ಅಂತ ಹೇಳಕ್ಕಾಗಲ್ಲ. ಆದ್ರೆ ನನ್ನ ಮನಸ್ಸು ಹೇಳುತ್ತೆ, ಆ ಮಗೂಗೂ ಗುಲ್ಮ ಇರ್ಲಿಲ್ಲ. ಸ್ನಾನಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ. ಮೇಡಂಗೆ ದಯವಿಟ್ಟು ಹೇಳಿ. ಅವರ ಬುತ್ತಿ ಇರೋ ತನಕ ಅವನಿಗೆ ಏನೂ ಆಗ್ಲಿಲ್ಲ, ಅದು ಖಾಲಿಯಾದ ಮೇಲೆ ಆಯ್ತು."

ಕೇಳಿದೆಯಾ ಸರಳಾ? ನನ್ನಿಂದ ಅವನಿಗೆ ಹೋದದ್ದು ಒಂದು ಖಾಲಿ ಜಾಗ. ನಿನ್ನಿಂದ ಹೋದದ್ದು ಬುತ್ತಿ. ಅವನು ಬೋರಲು ಬಿದ್ದದ್ದು, ಅಂಬೆಗಾಲಿಟ್ಟದ್ದು, ನನ್ನ ಕನ್ನಡಕ ಕಿತ್ತು ಬಾಯಿಗಿಟ್ಟುಕೊಂಡದ್ದು, ಎಲ್ಲವೂ ನೀನು ಕಟ್ಟಿ ಕಳಿಸಿದ್ದರಿಂದ. ನಿನ್ನ ಕೈ ಅವನನ್ನು ಕಳೆಯಲಿಲ್ಲ. ಅಷ್ಟು ತಿಂಗಳು ಅವನನ್ನು ಉಳಿಸಿತ್ತು.

ರತ್ನಕ್ಕನಿಗೆ ಹೇಳಿಬಿಟ್ಟಿದ್ದೇನೆ. ಹಂಡೆ ಅವಳದು, ಒಲೆ ಅವಳದು. ಕೂಸಿಗೆ ಎರೆಯುವವಳು ನೀನು.

ಟವೆಲ್ ಹಿಡಿದು ಬಾಗಿಲಲ್ಲಿ ನಾನು ನಿಲ್ಲುತ್ತೇನೆ.